ಕಾಗದದ ಹಿಂಬದಿ

ನನಗೊಂದು ಕೆಟ್ಟ ಚಾಳಿಯಿದೆ. ಯಾರಿಗಾದರೂ ಉಪಕಾರ ಮಾಡಲು ಹೊರಟರೆ ಅವರನ್ನೇ ಒಂದು ಮಾತು ಕೇಳುವುದಿಲ್ಲ. ಮಗಳು ಈಗಲೂ ಬೈಯುತ್ತಾಳೆ. ಇದಕ್ಕೆ ನನಗೆ ಸರಿಯಾಗಿ ಬಿಸಿ ಮುಟ್ಟಿದ್ದು ಎಪ್ಪತ್ತರ ದಶಕದಲ್ಲಿ, ಕೃಷ್ಣರಾಜಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ. ಆಗ ಕಂಪ್ಯೂಟರಿಗೆ ಏನು ಹೇಳಬೇಕಾದರೂ ರಟ್ಟಿನ ಕಾರ್ಡಿಗೆ ತೂತು ಹೊಡೆದೇ ಹೇಳಬೇಕಿತ್ತು. ಆ ತೂತು ಹೊಡೆಯುವವಳು ನಾನು.

ಹಲಸೂರಿನಿಂದ ಹೊರಡುವ ಕಾರ್ಖಾನೆ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ನಮ್ಮ ಟೆಲಿಫೋನ್ ಆಪರೇಟರು. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ನನಗಿಂತ ಐದಾರು ವರ್ಷ ಚಿಕ್ಕವನು, ಅಕ್ಕಾ ಅನ್ನುತ್ತಿದ್ದ. ಕಾರ್ಖಾನೆಯ ಎಲ್ಲ ವಿಭಾಗದ ನಂಬರೂ ಅವನಿಗೆ ಬಾಯಿಪಾಠ. ಬಸ್ಸಿನಲ್ಲಿ ತೊಡೆಯ ಮೇಲೆ ಬ್ರೈಲ್ ಸ್ಲೇಟು ಇಟ್ಟುಕೊಂಡು, ಮೊಂಡು ಮೊಳೆಯಂಥ ಕಡ್ಡಿಯಿಂದ ಹಾಳೆಯನ್ನು ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗುತ್ತಿದ್ದ. ಆಮೇಲೆ ಹಾಳೆ ತಿರುಗಿಸಿ, ಹಿಂಬದಿಗೆ ಉಬ್ಬಿದ ಚುಕ್ಕಿಗಳನ್ನು ಎಡದಿಂದ ಬಲಕ್ಕೆ ಬೆರಳಾಡಿಸಿ ಓದುತ್ತಿದ್ದ.

"ಏನೋ, ಶಿವಾಜಿನಗರದ ಉರ್ದು ಬೋರ್ಡುಗಳ ಥರ ಉಲ್ಟಾ ಕಡೆಯಿಂದ ಬರೀತೀಯಲ್ಲೋ" ಎಂದು ರೇಗಿಸುತ್ತಿದ್ದೆ.

"ಬರಿಯೋವಾಗ ಉರ್ದು, ಓದೋವಾಗ ಕನ್ನಡ ಅಕ್ಕಾ" ಎಂದು ನಗುತ್ತಿದ್ದ. ದಿನಾ ನೋಡುತ್ತಿದ್ದೆ ಇದನ್ನು. ದಿನಾ!

ಆ ವರ್ಷ ಕಾರ್ಖಾನೆಗೆ ಹೊಸ ಟೆಲಿಫೋನ್ ಎಕ್ಸ್‌ಚೇಂಜ್ ಬಂತು. ಒಂದನೇ ತಾರೀಕಿನಿಂದ ಎಲ್ಲ ನಂಬರೂ ಬದಲಾಗುವುದೆಂದು ತಿಳಿಸಿದರು. "ಅಷ್ಟೊಂದು ಹೊಸ ನಂಬರು ಅವನ ಕೈಲಿ ಆಗಲ್ಲ ಬಿಡ್ರೀ, ಕುರ್ಚಿ ಹೆಣೆಯೋ ಕಡೆ ಹಾಕೋಣ" ಎಂದರಂತೆ ನಮ್ಮ ಆಡಳಿತಾಧಿಕಾರಿಗಳು. ಅವನು ಅಂಧರ ಶಾಲೆಯಲ್ಲಿ ಓದುವ ಕಾಲದಲ್ಲಿ ವರ್ಷಗಟ್ಟಲೆ ಕುರ್ಚಿಗೆ ಬೆತ್ತ ಹೆಣೆದವನು.

"ಮತ್ತೆ ಅಲ್ಲಿಗೆ ಹೋಗಲ್ಲ ಅಕ್ಕಾ. ಇಲ್ಲಿ ಬೆಳಗ್ಗಿಂದ ಸಂಜೆವರ್ಗೂ ಎಷ್ಟು ಜನ ಮಾತಾಡಿಸ್ತಾರೆ. ಬೆತ್ತ ಮಾತಾಡುತ್ತಾ?" ಎಂದ. ಆಮೇಲೆ, "ಹೊಸ ಲಿಸ್ಟು ಕಾರ್ಡಿಗೆ ಹೊಡೆಯೋಕೆ ನಿಮ್ಮ ಹತ್ರಾನೇ ಬರುತ್ತಲ್ಲ, ಒಂದ್ಸಲ ಓದಿ ಹೇಳ್ತೀರಾ?" ಎಂದು ಕೇಳಿದ.

"ತಾಳೋ, ನಾನಿದೀನಲ್ಲ, ನೋಡ್ಕೋತೀನಿ" ಎಂದೆ.

ನನ್ನ ತಲೆಯಲ್ಲಿ ದೊಡ್ಡ ಯೋಜನೆಯೇ ಇತ್ತು. ನಮ್ಮ ವಿಭಾಗದ ಪ್ರೋಗ್ರಾಮರ್ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಓದಿದ್ದರು: ಕಂಪ್ಯೂಟರಿನ ಪ್ರಿಂಟರಿನಲ್ಲಿ ಕಾಗದದ ಹಿಂದೆ ಮೆತ್ತನೆಯ ಪಟ್ಟಿ ಕಟ್ಟಿ, ಬರೀ ಚುಕ್ಕಿಗಳನ್ನೇ ಹೊಡೆಸಿದರೆ ಕಾಗದ ಉಬ್ಬಿ ಬ್ರೈಲ್ ಆಗುತ್ತದಂತೆ. ನಾನು ಶಿವಾಜಿನಗರಕ್ಕೆ ಹೋಗಿ ಲಂಗಕ್ಕೆ ಹಾಕುವ ಅಗಲದ ಎಲಾಸ್ಟಿಕ್ ತಂದೆ. "ಇತ್ನಾ ಲಂಬಾ ಕಾಯ್ಕೋ ಅಮ್ಮಾ?" ಎಂದು ಅಂಗಡಿಯವನು ಕೇಳಿದ, ಇಷ್ಟುದ್ದ ಯಾಕೆಂದು ಅವನಿಗೆ ಅನುಮಾನ. ಪ್ರಿಂಟರಿಗೆ ಅಂದರೆ ನಂಬುತ್ತಾನೆಯೇ, ಸುಮ್ಮನೆ ಬಂದೆ.

ಮೂರು ವಾರ ಊಟದ ಬಿಡುವಿನಲ್ಲಿ ನಾನೂ ಪ್ರೋಗ್ರಾಮರೂ ಕೂತು ಕೆಲಸ ಮಾಡಿದೆವು. ಎಲಾಸ್ಟಿಕ್ ಜಾರಿತು, ಕಾಗದ ಹರಿಯಿತು, ಕಡೆಗೂ ಚುಕ್ಕಿ ಮೂಡಿತು. ಬ್ರೈಲ್ ಅಕ್ಷರಗಳ ಚಾರ್ಟು ಪಕ್ಕಕ್ಕಿಟ್ಟುಕೊಂಡು ಶಾಯಿಯ ಕಪ್ಪು ಚುಕ್ಕಿಗಳನ್ನು ಒಂದೊಂದಾಗಿ ತಾಳೆ ನೋಡಿದೆವು. ಒಂದು ತಪ್ಪಿಲ್ಲ! ಅವನಿಗೆ ಮಾತ್ರ ಹೇಳಲಿಲ್ಲ. ಅಧಿಕಾರಿಗಳ ಎದುರಿಗೇ ಕೈಗಿಟ್ಟು ಆಶ್ಚರ್ಯಪಡಿಸಬೇಕೆಂಬ ಹುಚ್ಚು ನನಗೆ. ಬಸ್ಸಿನಲ್ಲಿ ಅವನು ಮಾತು ಕಡಿಮೆ ಮಾಡಿದ್ದ. ಪಾಪ, ನಾಳೆ ಎಷ್ಟು ಖುಷಿಪಡ್ತಾನೋ ಎಂದುಕೊಂಡು ನಾನೊಬ್ಬಳೇ ಒಳಗೊಳಗೇ ನಗುತ್ತಿದ್ದೆ.

ತಿಂಗಳ ಕೊನೆಯ ದಿನ ಅವನನ್ನು ಕರೆಸಿ, ಅಧಿಕಾರಿಗಳ ಮೇಜಿನ ಮೇಲೆ ಹಾಳೆಗಳನ್ನು ಉಬ್ಬಿದ ಬದಿ ಮೇಲಾಗಿ ಇಟ್ಟೆವು. ಅವನು ಬೆರಳಿಟ್ಟ. ಬೆರಳು ಹಿಂದೆ ಮುಂದೆ ಆಡಿ, ಆಮೇಲೆ ಹಾಳೆಯ ಬಲತುದಿಗೆ ಹೋಗಿ ನಿಂತಿತು.

"ಪೇಂಟ್ ಶಾಪ್?" ಎಂದರು ಅಧಿಕಾರಿಗಳು.

ನಿಧಾನವಾಗಿ ಹುಡುಕಿ ನಂಬರು ಹೇಳಿದ. ಅವರು ತಮ್ಮ ಪಟ್ಟಿ ನೋಡಿ ತಲೆಯಾಡಿಸಿದರು. ಕ್ಯಾಂಟೀನು, ಸ್ಟೋರ್ಸು, ಆಸ್ಪತ್ರೆ, ಎಲ್ಲ ಸರಿ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಭೇಷ್! ಮೆಷೀನು ಇವನಿಗೆ ಕಣ್ಣು ಕೊಟ್ಬಿಡ್ತು ಕಣ್ರೀ. ಅಲ್ಲೇ ಇರ್ಲಿ ಬಿಡಿ" ಎಂದು ಅವರು ನಮ್ಮ ಕೈ ಕುಲುಕಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಹೊರಗೆ ಬಂದಮೇಲೆ ಅವನು ಮೆಲ್ಲಗೆ, "ಅಕ್ಕಾ, ಎಲ್ಲಾ ಉಲ್ಟಾ ಇದೆ" ಎಂದ.

ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ನಾವು ತಾಳೆ ನೋಡಿದ್ದು ಶಾಯಿಯ ಬದಿ. ಬೆರಳಿಗೆ ಸಿಗುವುದು ಹಿಂಬದಿ. ಅಲ್ಲಿ ಸಾಲು ಬಲದಿಂದ ಶುರುವಾಗುತ್ತದೆ, ಐದು ಒಂಬತ್ತಾಗುತ್ತದೆ, ನಾಲ್ಕು ಆರಾಗುತ್ತದೆ. ನಾವಿಬ್ಬರೂ ಬ್ರೈಲನ್ನು ಕಣ್ಣಿಂದ ಓದಿ ಪಾಸು ಮಾಡಿದ್ದೆವು!

"ಮತ್ತೆ ಹೇಗೋ ಓದ್ದೆ?"

"ದಿನಾ ಚುಚ್ಚೋದು ಹೀಗೇ ಅಲ್ವಾ? ಕೈಗೆ ಗೊತ್ತಿತ್ತು. ತಡವರಿಸಿದ್ರೆ ನನ್ನ ಕೆಲಸಾನೂ ಹೋಗ್ತಿತ್ತು, ನಿಮ್ಮ ಮರ್ಯಾದೆನೂ ಹೋಗ್ತಿತ್ತು." ಕಡ್ಡಿಯನ್ನು ಜೇಬಿನಿಂದ ತೆಗೆದು ಬೆರಳಲ್ಲಿ ತಿರುಗಿಸುತ್ತಾ ನಿಂತ. "ಅವತ್ತೇ ಓದಿ ಹೇಳಿದ್ರೆ ಎರಡೇ ದಿನದಲ್ಲಿ ಬಸ್ಸಲ್ಲೇ ಬರ್ಕೋತಿದ್ದೆ. ಮೂರು ವಾರದಿಂದ ನಿದ್ದೆ ಇಲ್ಲ ಅಕ್ಕಾ."

ನನಗೆ ಅಳು ಬಂತು. ನಾಚಿಕೆಯಿಂದ ಬಂದ ಅಳು ಅದು. ತಪ್ಪಾಯ್ತು ಕಣೋ ಎಂದೆ. "ಅಯ್ಯೋ, ಬಿಡಿ. ಮುಂದಿನ್ಸಲ ಮೊದ್ಲು ನನ್ನ ಬೆರಳಿಗೆ ತೋರ್ಸಿ" ಎಂದ.

ಸಂಜೆ ಬಸ್ಸಿನಲ್ಲಿ ಬ್ಯಾಗಿನಿಂದ ಹೊಸ ನಂಬರುಗಳ ಪಟ್ಟಿ ತೆಗೆದೆ. "ಓದ್ಲಾ?" ಎಂದು ಕೇಳಿದೆ. ಅವನು ತೊಡೆಯ ಮೇಲೆ ಸ್ಲೇಟು ಇಟ್ಟು, ಬಲತುದಿಯಲ್ಲಿ ಕಡ್ಡಿ ಊರಿ, "ಹ್ಞೂಂ" ಎಂದ.