ನಲವತ್ತು ಎಡಗಾಲಿನ ಚಪ್ಪಲಿ

ರಂಪಿಗೆಗೂ ವ್ಯಾಪಾರಿಯ ಕುತ್ತಿಗೆಗೂ ನಡುವೆ ಎಷ್ಟು ಜಾಗವಿತ್ತು ಎಂದು ನಾನು ಈಗಲೂ ಅಳೆಯುತ್ತೇನೆ. ಮೂರು ಬೆರಳು ಎನ್ನಿಸುತ್ತದೆ. ಕೆಲವು ದಿನ ಎರಡೇ. ರಂಪಿಗೆ ಎಂದರೆ ತೊಗಲು ಕತ್ತರಿಸುವ ಅಗಲ ಬಾಯಿಯ ಕತ್ತಿ. ಅದನ್ನು ಹಿಡಿದಿದ್ದವನು ನನ್ನ ಕಾಕಾ. ಅವನ ಕೈಗೆ ಅದನ್ನು ಕೊಟ್ಟವಳು ನಾನು.

ಅಥಣಿಯ ನಮ್ಮ ಓಣಿಯಲ್ಲಿ ಚಪ್ಪಲಿ ಮೂರು ಮನೆ ತಿರುಗಿದ ಮೇಲೆ ಜೋಡಿಯಾಗುತ್ತದೆ. ಒಂದು ಮನೆಯಲ್ಲಿ ಅಟ್ಟೆ ಕತ್ತರಿಸುತ್ತಾರೆ, ಇನ್ನೊಂದರಲ್ಲಿ ಹೊಲಿಯುತ್ತಾರೆ, ಮತ್ತೊಂದರಲ್ಲಿ ಹೆಂಗಸರು ಮೇಲಿನ ಪಟ್ಟಿಗೆ ತೊಗಲಿನ ಎಳೆ ಹೆಣೆಯುತ್ತಾರೆ. ಬಿ.ಕಾಂ. ಮುಗಿಸಿ ಕೂತಿದ್ದ ನಾನು ಮೊಬೈಲಿನಲ್ಲಿ ಫೋಟೊ ತೆಗೆದು ಕಾಕಾನ ಚಪ್ಪಲಿಗಳನ್ನು ಇಂಟರ್ನೆಟ್ಟಿನಲ್ಲಿ ಮಾರತೊಡಗಿದೆ. ಒಂದೆರಡು ಜೋಡಿ ಕೊಳ್ಳುವವರ ದುಡ್ಡು ಸರಿಯಾಗಿ ಬರುತ್ತಿತ್ತು. ಕಾಕಾ ನನ್ನನ್ನು ಮ್ಯಾನೇಜರಬಾಯಿ ಎಂದು ಕರೆಯುತ್ತಿದ್ದ.

ಆಮೇಲೆ ನೆದರ್ಲೆಂಡಿನ ಅಂಗಡಿಯವನೊಬ್ಬ ಗಂಟುಬಿದ್ದ. ಅರ್ಧ ಮುಂಗಡ, ಮಾಲು ಮುಟ್ಟಿದ ಮೂವತ್ತು ದಿನಕ್ಕೆ ಇನ್ನರ್ಧ ಎಂದು ಬರೆದವನು ಅವನೇ. ಮೂವತ್ತು ದಿನ ಎಪ್ಪತ್ತಾಯಿತು. ನನ್ನ ಪ್ರತಿಯೊಂದು ಮೇಲ್‌ಗೂ ಉತ್ತರ ಬರುತ್ತಿತ್ತು, ಹೊಟ್ಟೆ ಉರಿಸುತ್ತಿದ್ದುದು ಅದೇ. ಲೆಕ್ಕ ನೋಡುವವಳು ರಜೆಯಲ್ಲಿದ್ದಾಳೆ. ಮುಂದಿನ ವಾರ ಖಂಡಿತ. ನಿಮ್ಮ ತಾಳ್ಮೆಗೆ ಧನ್ಯವಾದ. ನಾನು ತಾಳ್ಮೆ ಕೊಟ್ಟಿರಲಿಲ್ಲ, ಅವನು ಕಿತ್ತುಕೊಂಡಿದ್ದ. ಆ ಬಾಕಿ ತೀರಿಸದೆಯೇ ಇನ್ನೂ ನಲವತ್ತು ಜೋಡಿಗೆ ಮುಂಗಡ ಹಾಕಿದ.

"ಎಡಗಾಲಿನವು ಅಷ್ಟ ಕಳಸು," ಅಂದ ಕಾಕಾ.

ಸಂತೆಯ ವ್ಯಾಪಾರಿಗಳು ಬಾಕಿ ಉಳಿಸಿಕೊಂಡರೆ ಅಜ್ಜ ಹಾಗೆ ಮಾಡುತ್ತಿದ್ದ. ಎಡಗಾಲಿನವನ್ನು ಕೊಟ್ಟು ಬಲಗಾಲಿನವನ್ನು ಚೀಲದಲ್ಲಿ ಕಟ್ಟಿಡುತ್ತಿದ್ದ. ಮುಂದಿನ ಸಂತೆಗೆ ವ್ಯಾಪಾರಿ ದುಡ್ಡು ಹಿಡಿದುಕೊಂಡೇ ಬರುತ್ತಿದ್ದ.

"ಅವ ಪರದೇಶದಾಗ ಅದಾನ ಕಾಕಾ."

"ಪರದೇಶದಾಗ ಮಂದಿ ಒಂದ ಕಾಲಿಲೆ ಅಡ್ಡಾಡ್ತಾರೇನವಾ?"

ಕಾಕಾನ ಹೆಂಡತಿ, ನಮ್ಮ ಕಾಕು, ನಕ್ಕಳು. ನಾನೂ ನಕ್ಕೆ. ಪಾರ್ಸಲ್ಲಿನ ಫಾರ್ಮಿನಲ್ಲಿ ನಲವತ್ತು ಜೋಡಿ ಎಂದು ನನ್ನ ಕೈಯಾರೆ ತುಂಬಿದೆ. ಹಳೆಯ ಬಾಕಿ ಬಂದ ದಿನ ಬಲಗಾಲಿನವು ಹೊರಡುತ್ತವೆ ಎಂದು ಅವನಿಗೆ ಬರೆದೆ. ಬರೆಯುವಾಗ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಅವನು ನಲವತ್ತು ಎಡಗಾಲಿನವನ್ನು ನೆಲದ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆದು, ದುಡ್ಡು ದಾಟಿಸುವ ವೆಬ್‌ಸೈಟಿಗೆ ದೂರು ಕೊಟ್ಟ. ಮರುದಿನವೇ ನನ್ನ ಖಾತೆಗೆ ಬೀಗ ಬಿತ್ತು. ಅವನ ಮುಂಗಡ, ಬೇರೆ ಗಿರಾಕಿಗಳ ದುಡ್ಡು, ಎಲ್ಲವೂ ಒಳಗೇ ಉಳಿಯಿತು. ಹತ್ತು ದಿನದೊಳಗೆ ಬಲಗಾಲಿನವು ಹೊರಟ ರಸೀದಿ ತೋರಿಸಿದರೆ ಬೀಗ ತೆಗೆಯುತ್ತೇವೆ, ಇಲ್ಲವಾದರೆ ಮುಂಗಡ ಅವನಿಗೆ ವಾಪಸ್ಸು, ಉಳಿದದ್ದು ಆರು ತಿಂಗಳು ತಡೆ ಎಂದರು ವೆಬ್‌ಸೈಟಿನವರು. ಎಪ್ಪತ್ತು ದಿನವಾದರೂ ದುಡ್ಡು ಕೊಡದವನ ಬಗ್ಗೆ ಅವರ ಬಳಿ ಯಾವ ನಿಯಮವೂ ಇರಲಿಲ್ಲ.

ಕಾಕಾನನ್ನು ಒಪ್ಪಿಸುವುದಕ್ಕೇ ನನಗೆ ಒಂದು ವಾರ ಹಿಡಿಯಿತು. ಎಂಟನೆಯ ದಿನ ಬೆಳಿಗ್ಗೆ ಬಲಗಾಲಿನವನ್ನೆಲ್ಲ ಚೀಲಕ್ಕೆ ತುಂಬಿ ಹೊಸ್ತಿಲ ಬಳಿ ಇಟ್ಟೆವು. ಕಟ್ಟಿದ ಹಗ್ಗದ ತುದಿ ಕತ್ತರಿಸಲೆಂದು ಕಾಕಾನ ಕೈಗೆ ರಂಪಿಗೆ ಕೊಟ್ಟೆ. ಆಗ ನಿಪ್ಪಾಣಿಯ ತೊಗಲಿನ ವ್ಯಾಪಾರಿ ಬಂದ. ನೆದರ್ಲೆಂಡಿನ ಎರಡೂ ಸಲದ ಮಾಲಿಗೆ ತೊಗಲನ್ನು ನಾವು ಅವನಿಂದಲೇ ಉದ್ರಿ ತಂದಿದ್ದೆವು.

"ಬರ್ರಿ, ಚಾ ಕುಡೀರಿ," ಅಂದಳು ಕಾಕು.

"ಚಾ ಬ್ಯಾಡ. ನಿಮ್ಮ ಮ್ಯಾನೇಜರಬಾಯಿಗೆ ಇಂಗ್ಲಿಷ್‌ನ್ಯಾಗ ದುಡ್ಡು ಕೇಳಾಕ ಬರ್ತೈತಿ, ತರಾಕ ಬರಂಗಿಲ್ಲ ಅಂತ ಕೇಳೀನಿ."

"ನಾಕ ದಿನ ತಡೀರಿ," ಅಂದ ಕಾಕಾ. "ಈ ಚೀಲ ಹೋತಂದ್ರ ದುಡ್ಡು ಬಿಡ್ತಾರ."

ಅದನ್ನು ಹೇಳಬಾರದಿತ್ತು. ವ್ಯಾಪಾರಿ ಬಗ್ಗಿ ಚೀಲದ ಕುತ್ತಿಗೆ ಹಿಡಿದ.

"ಹಂಗಾದ್ರ ಇದು ನನ್ನ ಕಡೆ ಇರ್ಲಿ. ನಿಮ್ಮಪ್ಪಂದ ಪದ್ಧತಿ ಅಲ್ಲೇನ್ರಿ ಇದು? ನನ್ನ ದುಡ್ಡು ಬಂದ ದಿನ ಬಲಗಾಲು ತೊಗೊಂಡು ಹೋಗ್ರಿ."

"ಚೀಲ ಬಿಡ್ರಿ."

"ಬಿಡಂಗಿಲ್ಲ. ಏನ್ ಮಾಡ್ತಿ?"

ಕಾಕಾ ಎದ್ದದ್ದು ನನಗೆ ಕಾಣಲಿಲ್ಲ. ಕಂಡದ್ದು ರಂಪಿಗೆಯ ಬಾಯಿ, ವ್ಯಾಪಾರಿಯ ಗದ್ದದ ಕೆಳಗೆ. ಅವನು ಚೀಲ ಬಿಡಲಿಲ್ಲ, ಅಲುಗಾಡಲೂ ಇಲ್ಲ. ಉಗುಳು ನುಂಗಿದ, ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ಆ ಮೂರು ಬೆರಳು ಆಗ ಎರಡಾದವು. ನಾನು ಒಂದು ಮಾತು ಆಡಬಹುದಿತ್ತು. ಫಾರ್ಮು ತುಂಬಿದವಳು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎನ್ನಬಹುದಿತ್ತು.

"ಕೈ ಇಳಸ್ರಿ," ಅಂದಳು ಕಾಕು, ಅನ್ನಕ್ಕೆ ಕರೆಯುವ ದನಿಯಲ್ಲಿ. "ಹುಡಿಗಿ ನೋಡಾಕತ್ತಾಳ."

ಕೈ ಇಳಿಯಿತು. ಇಳಿದದ್ದು ಚೀಲದ ಮೇಲೆ. ಒಂದೇ ಎಳೆತಕ್ಕೆ ಚೀಲ ಹರಿದು ಚಪ್ಪಲಿಗಳು ಹೊಸ್ತಿಲ ತುಂಬ ಬಿದ್ದವು. ಕಾಕಾ ಕೂತು ಒಂದೊಂದನ್ನೇ ಎತ್ತಿಕೊಂಡು ಹೆಣೆದ ಪಟ್ಟಿಯನ್ನು ಕೊಯ್ದು ಪಕ್ಕಕ್ಕಿಟ್ಟ. ಅವಸರವಿರಲಿಲ್ಲ, ಕೆಲಸ ಮಾಡುವಾಗಿನ ಕೈಯೇ ಅದು. ಮೂವತ್ತೋ ಮೂವತ್ತೈದೋ ಆದ ಮೇಲೆ ತಲೆಯೆತ್ತಿದ.

"ಈಗ ತೊಗೊಂಡು ಹೋಗ್ರಿ."

ವ್ಯಾಪಾರಿ ಕುತ್ತಿಗೆ ಒರೆಸಿಕೊಂಡು ಬೆರಳು ನೋಡಿಕೊಂಡ. ರಕ್ತವಿರಲಿಲ್ಲ. "ಹುಚ್ಚ ಮಂದಿ," ಎಂದು ಗಾಡಿ ಹತ್ತಿದ. ಬಿಟ್ಟುಕೊಡುವ ಮನುಷ್ಯನಲ್ಲ ಅವನು. ತಿಂಗಳೊಳಗೆ ಕಾಕುವಿನ ಕೊರಳಿನ ಚಿನ್ನದ ಬೋರಮಾಳ ಮಾರಿ ಅವನ ಉದ್ರಿ ತೀರಿಸಿದೆವು.

ಮುಂಗಡ ನೆದರ್ಲೆಂಡಿಗೆ ವಾಪಸ್ಸು ಹೋಯಿತು. ಹಳೆಯ ಬಾಕಿ ಬರಲೇ ಇಲ್ಲ. ಆ ಅಂಗಡಿಯವನಿಂದ ಬಂದದ್ದು ಒಂದು ಕೊನೆಯ ಮೇಲ್. ನಿಮ್ಮ ಎಡಗಾಲಿನ ಚಪ್ಪಲಿಗಳು ನನ್ನ ಗೋದಾಮಿನಲ್ಲಿ ಜಾಗ ಹಿಡಿದಿವೆ, ಸಾಗಣೆ ವೆಚ್ಚ ಕಳಿಸಿದರೆ ವಾಪಸ್ಸು ಕಳಿಸುತ್ತೇನೆ ಎಂದಿತ್ತು. ಅವನಿಗೆ ಉತ್ತರ ಬರೆಯದೆ ಉಳಿದದ್ದು ಅದೊಂದೇ ಸಲ.

ಕಾಕಾ ಈಗಲೂ ಚಪ್ಪಲಿ ಮಾಡುತ್ತಾನೆ, ಊರಿನ ಅಂಗಡಿಗಳಿಗಷ್ಟೇ. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲಿಸದೆಯೇ ರಂಪಿಗೆಯನ್ನು ತೊಡೆಯ ಕೆಳಗೆ ಸರಿಸುತ್ತಾನೆ. ಅದು ಅಲ್ಲಿರುವವರೆಗೆ ಅವನ ಕೆಲಸ ಸಾಗುವುದಿಲ್ಲ, ನನ್ನ ಕಣ್ಣೂ ಅದನ್ನೇ ಹುಡುಕುತ್ತದೆ. ಅದಕ್ಕೇ ನಾನು ಹೆಚ್ಚು ಹೊತ್ತು ಕೂರುವುದಿಲ್ಲ.