ಅರಿಶಿನದ ಮೂಲೆ ಮತ್ತು ನನ್ನ ಇಂಗ್ಲಿಷು

ದೆಹಲಿಯ ಗಿರಾಕಿ ಕಳಿಸಿದ ಫೋಟೊ ನೋಡಿದಾಗ ನನಗೆ ಮೊದಲು ಬಂದದ್ದು ನಗು. ಹಸಿರು ರೇಷ್ಮೆಯ ಸೆರಗಿನ ಮೂಲೆಯಲ್ಲಿ ಬೆರಳ ತುದಿಯಷ್ಟು ಅರಿಶಿನ. ಮಗಳ ಮದುವೆಗೆಂದು ಆಕೆ ನಮ್ಮಿಂದ ನೇಯಿಸಿಕೊಂಡ ಸೀರೆ ಅದು. ಫೋಟೊದ ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರು: ಮದುವೆ ಸೀರೆಗೆ ಕಲೆ ಮಾಡಿ ಕಳಿಸಿದ್ದೀರಿ, ವಾಪಸ್ ಕಳಿಸುತ್ತಿದ್ದೇನೆ. ಓದಿದ ಮೇಲೆ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ನನ್ನ ಗಂಡ ಮಗ್ಗಕ್ಕೆ ಕೂರುತ್ತಾರೆ, ಅತ್ತೆ ನೂಲು ಸುತ್ತುತ್ತಾರೆ. ಚಳ್ಳಕೆರೆಯಲ್ಲಿ ಡಿಗ್ರಿ ಓದಿ ಬಂದ ಸೊಸೆಯೆಂದು ಹೊರಗಿನ ಗಿರಾಕಿಗಳ ಫೋನು, ಅವರ ಇಂಗ್ಲಿಷು ಎಲ್ಲವನ್ನೂ ನನ್ನ ತಲೆಗೆ ಕಟ್ಟಿದ್ದರು. ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ಉಡುವುದು ನಮ್ಮಲ್ಲಿಲ್ಲ. ಮದುವೆ ಸೀರೆಯಾದರೆ ಮಡಿಚುವ ಮುಂಚೆ ಅತ್ತೆ ಕೈಕಾಲು ತೊಳೆದು ಬಂದು ತಾವೇ ಹಚ್ಚುತ್ತಾರೆ. ಇಲ್ಲೇ ಬಿ.ಜಿ. ಕೆರೆ ಕಡೆಯ ಗಿರಾಕಿಗಳಾದರೆ, ಹಚ್ಚದಿದ್ದರೇ ಜಗಳ.

ವಿಷಯ ಕೇಳಿ ಅತ್ತೆ ರಾಟೆ ನಿಲ್ಲಿಸಿದರು.

"ಸೀರೆ ವಾಪಸ್ ಬರಬಾರ್ದವ್ವ. ಮದ್ವೆ ಸೀರೆ ಹೊಸ್ಲು ದಾಟಿ ಹೋದ್ಮ್ಯಾಲೆ ತಿರುಗಿ ಬಂದ್ರೆ ಆ ಹುಡುಗಿಗೆ ಒಳ್ಳೇದಲ್ಲ. ಏನಾರ ಹೇಳಿ ಸಮಾಧಾನ ಮಾಡು. ಆದ್ರೆ ಅರಿಶಿಣ ಹಚ್ಚಿದ್ದು ತಪ್ಪಾತು ಅಂತ ಮಾತ್ರ ಅನ್ಬ್ಯಾಡ."

ಹೇಳಿದಷ್ಟು ಸುಲಭವೇ? ನಮ್ಮ ಕಡೆ ಕ್ಷಮೆ ಬಾಯಿಗೆ ಬರುವುದು ಕಡಿಮೆ. ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ನಾನೂ ಅತ್ತೆಯೂ ಜಗಳವಾಡಿದ ಮರುದಿನ ಅವರು ನನ್ನ ಮುದ್ದೆಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿದರೆ ಅಲ್ಲಿಗೆ ಮುಗಿಯಿತು. ತಪ್ಪಾಯಿತು ಅನ್ನುವುದು ದೇವರ ಮುಂದೆ, ಕೆನ್ನೆ ಬಡಿದುಕೊಂಡು. ನಂಬರು ಸಿಗದಾಗ ಕ್ಷಮಿಸಿ ಎಂದು ದಿನವೂ ಅನ್ನುವವಳು ಫೋನಿನೊಳಗೆ ಕೂತ ಹೆಂಗಸು ಒಬ್ಬಳೇ. ಇಂಗ್ಲಿಷಿನಲ್ಲೋ ಅಂಗಡಿ ತುಂಬ ಮಾಲು! ಸಾರಿ, ಪಾರ್ಡನ್, ಅಪಾಲಜಿ, ರಿಗ್ರೆಟ್. ಯಾವುದನ್ನು ಎತ್ತಿಕೊಳ್ಳಬೇಕೋ ತಿಳಿಯಲಿಲ್ಲ.

ದೊಡ್ಡ ಮಾತು ಬರೆದರೆ ಮರ್ಯಾದೆ ಹೆಚ್ಚು ಎಂದುಕೊಂಡು 'ವಿ ರಿಗ್ರೆಟ್ ದಿ ಇನ್‌ಕನ್ವೀನಿಯನ್ಸ್' ಎಂದು ಕಳಿಸಿದೆ. ಯಾವುದೋ ಬಾಗಿಲಿಗೆ ಅಂಟಿಸಿದ್ದನ್ನು ಓದಿದ ನೆನಪು. ಕೂಡಲೇ ಉತ್ತರ ಬಂತು: ಇದು ನನ್ನ ಮಗಳ ಮದುವೆ, ನೀವು ರೈಲು ತಡವಾದ ಹಾಗೆ ಮಾತಾಡುತ್ತಿದ್ದೀರಿ. ಹೆದರಿಕೊಂಡು ಇನ್ನೊಂದು ತುದಿಗೆ ಹಾರಿ, 'ಸೋ ಸಾರಿ ಮೇಡಂ, ಅವರ್ ಮಿಸ್ಟೇಕ್' ಎಂದೆ. ಹಾಗಾದರೆ ಕಲೆ ಎಂದು ಒಪ್ಪಿಕೊಂಡಿರಿ ಎಂದು ಬರೆದು, ಸೀರೆಯ ಪಾರ್ಸೆಲ್ ಕಟ್ಟಿಟ್ಟ ಫೋಟೊ ಕಳಿಸಿದರು.

ಏನು ಬರೆದೆ ಎಂದು ಕೇಳಿ ತಿಳಿದುಕೊಂಡ ಅತ್ತೆ ಕೆಂಡವಾದರು.

"ಮಾಡದಿರೋ ತಪ್ಪಿಗೆ ಯಾಕವ್ವ ತಲೆ ಬಗ್ಗಿಸ್ದೆ?"

"ಇನ್ನೇನ್ ಮಾಡ್ಲಿ ಅತ್ತೆ? ಅರಿಶಿಣ ಯಾಕ್ ಹಚ್ತಾರೆ ಅಂತಾನೇ ಅವ್ರಿಗೆ ಗೊತ್ತಿಲ್ಲ!" ಎಂದು ಕೂಗಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಕೂಗಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅವರಿಗೆ ಗೊತ್ತಿಲ್ಲ. ಮತ್ತೆ, ಹೇಳಿದವರು ಯಾರು? ಆರ್ಡರ್ ಹಿಡಿಯುವಾಗ ಬಣ್ಣ ಕೇಳಿದ್ದೆ, ಅಂಚು ಕೇಳಿದ್ದೆ, ಇದೊಂದನ್ನು ಹೇಳುವ ವಿಷಯವೆಂದೇ ನಾನು ಎಣಿಸಿರಲಿಲ್ಲ.

ಬರೆಯುವುದನ್ನು ಬಿಟ್ಟು ಫೋನು ಮಾಡಿದೆ.

"ಐ ಶುಡ್ ಹ್ಯಾವ್ ಟೋಲ್ಡ್ ಯು, ಮೇಡಂ. ಐ ಆಮ್ ಸಾರಿ ಐ ಡಿಡ್ ನಾಟ್."

ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ಅದಕ್ಕೆ ಸಾರಿ. ಅಷ್ಟೇ. ಅರಿಶಿನಕ್ಕೆ ಸಾರಿ ಕೇಳಲಿಲ್ಲ. ಅದು ಕಲೆಯಲ್ಲ, ನಿಮ್ಮ ಮಗಳು ಚೆನ್ನಾಗಿ ಬಾಳಲಿ ಎಂದು ನಮ್ಮ ಅತ್ತೆ ಕೈಯಾರೆ ಹಚ್ಚಿದ್ದು ಎಂದು ಗೊತ್ತಿದ್ದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಹೇಳಿದೆ.

"ಹಲ್ದಿ?" ಎಂದು ಆಕೆ ಅರಿಶಿನವನ್ನು ತಮ್ಮ ಹಿಂದಿಯಲ್ಲಿ ಕೇಳಿದರು.

"ಯೆಸ್ ಮೇಡಂ, ಹಲ್ದಿ."

ಅವರ ದನಿ ಇಳಿಯಿತು. ನಮ್ಮಲ್ಲೂ ಮದುವಣಗಿತ್ತಿಗೆ ಹಚ್ಚುತ್ತೇವೆ, ಆದರೆ ಸೀರೆಗಲ್ಲ ಎಂದರು. ಒಂದು ಮಾತು ಮೊದಲೇ ತಿಳಿಸಿದ್ದರೆ ನಾನು ಇಷ್ಟು ಅಳುತ್ತಿರಲಿಲ್ಲವಲ್ಲ ಎಂದರು. ಆಮೇಲೆ ಪಾರ್ಸೆಲ್ಲಿನ ಟೇಪು ಕೀಳುವ ಪರಪರ ಸದ್ದು ಫೋನಿನಲ್ಲೇ ಕೇಳಿಸಿತು. ಅಷ್ಟು ಇಂಪಾದ ಸದ್ದನ್ನು ನಾನು ಈವರೆಗೆ ಕೇಳಿಲ್ಲ. ಗೆದ್ದೆ ಅನ್ನಿಸಿತು, ನಡುಮನೆಯಲ್ಲಿ ನಿಂತು ಒಬ್ಬಳೇ ಜೋರಾಗಿ ನಕ್ಕೆ. ಗಂಡ ಮಗ್ಗದಿಂದ ತಲೆ ಎತ್ತಿ, "ಏನಾತೇ?" ಎಂದರು.

"ಉಳೀತು ರೀ, ಸೀರೆ ಅಲ್ಲೇ ಉಳೀತು!"

ಮದುವೆ ಮುಗಿದ ಮೇಲೆ ದೆಹಲಿಯಿಂದ ಫೋಟೊ ಬಂತು. ಹುಡುಗಿ ಆ ಅರಿಶಿನದ ಮೂಲೆಯನ್ನು ಬೇಕೆಂದೇ ಭುಜದ ಮೇಲೆ ಎದ್ದು ಕಾಣುವಂತೆ ಹೊದ್ದಿದ್ದಳು. ಅತ್ತೆ ನನ್ನ ಫೋನು ಕಸಿದುಕೊಂಡು ಬೀದಿಯವರಿಗೆಲ್ಲ ತೋರಿಸಿ ಬಂದರು.

ಮುಂದಿನ ಮದುವೆ ಸೀರೆ ಮಗ್ಗದಿಂದ ಇಳಿದ ದಿನ ಅವರು ಕೈಕಾಲು ತೊಳೆಯಲು ಏಳಲಿಲ್ಲ. ಅರಿಶಿನದ ಬಟ್ಟಲನ್ನು ನನ್ನ ಮುಂದೆ ಇಟ್ಟರು.

"ಇನ್ಮ್ಯಾಲೆ ಹಚ್ಚೋಳೂ ನೀನೆ, ಹೇಳೋಳೂ ನೀನೆ."