ಮಿನುಗಲ್ಲ, ಮಿಣುಕು

ಮಿನುಗು, ಮಿಣುಕು ಎರಡೂ ಒಂದೇ ಎಂದು ತಿಳಿದವರು ಬಹಳ ಮಂದಿ. ಕೊಡ್ಲಿಪೇಟೆ ಬಳಿಯ ಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಸುಧಾ ಈ ತಪ್ಪನ್ನು ಎಂಜಿನಿಯರೊಬ್ಬರಿಗೆ ತಿದ್ದಬೇಕಾಯಿತು. ಅದು ಭಾಷಾಭಿಮಾನದಿಂದಲ್ಲ, ಕೆಲಸ ಕೈತಪ್ಪುವುದರಲ್ಲಿತ್ತು.

ಸುಧಾ ಬಿ.ಎ. ಓದಿದವಳು. ಮಾತು ಹರಿತ, ಅದಕ್ಕೆ ಅವಳ ಅತ್ತೆ ಗುರುಸಿದ್ದಮ್ಮನೇ ಸಾಕ್ಷಿ. ಹೋದ ವರ್ಷ ಊರಿನ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಮೊದಲ ಬಾರಿಗೆ ಅವಳಿಗೆ ಸಿಕ್ಕಿತು. ಶಾಲೆ ತೆರೆಯುವುದರೊಳಗೆ ಮುಗಿಯದಿದ್ದರೆ ಕುಶಾಲನಗರದ ಅಂಗಡಿಗೆ ಕೊಡುವುದಾಗಿ ಮುಖ್ಯೋಪಾಧ್ಯಾಯಿನಿ ಮೊದಲೇ ಹೇಳಿದ್ದರು. ಬಟ್ಟೆ ಕತ್ತರಿಸಿ ಮುಗಿಸುವ ಹೊತ್ತಿಗೆ ಕೇರಿಯ ವೋಲ್ಟೇಜ್ ಬಿದ್ದುಹೋಯಿತು. ಹೊಲಿಗೆ ಯಂತ್ರದ ಮೋಟಾರು ಗುರ್ ಎಂದು ನಿಲ್ಲುತ್ತಿತ್ತು. ಕಾಲಲ್ಲಿ ತುಳಿದು ಹೊಲಿಯೋಣವೆಂದರೆ, ಮೋಡ ಕವಿದ ಹಗಲಲ್ಲಿ, ಮಂಕಾದ ಬಲ್ಬಿನಡಿ ಕಡುನೀಲಿ ಬಟ್ಟೆಯ ಮೇಲೆ ಕಡುನೀಲಿ ದಾರ ಕಾಣುತ್ತಿರಲಿಲ್ಲ.

ಲೈನ್‌ಮನ್ ಬೊಳ್ಳಪ್ಪ ಬಂದು ಬಲ್ಬು ನೋಡಿದ.

“ಕರೆಂಟ್ ಐತಲ್ಲಕ್ಕ. ಇಲ್ದಿದ್ರೆ ಕಂಪ್ಲೇಂಟ್ ಬರ್ಕೊಬೋದು. ಇರೋದಕ್ಕೆ ಏನಂತ ಬರೀಲಿ?”

“ಮಿಣುಕ್ತೈತೆ ಅಂತ ಬರಿ.”

ಅವನು ಹಾಗೇ ಬರೆದ. ಕಚೇರಿಯಲ್ಲಿ ಅದನ್ನು ಓದಿದ ಎಂಜಿನಿಯರ್ ರೇಣುಕಪ್ರಸಾದ್, ಬಲ್ಬು ಮಿನುಗುತ್ತಿದೆ ಎಂದು ಅರ್ಥಮಾಡಿಕೊಂಡು ದೂರನ್ನು ಪಕ್ಕಕ್ಕಿಟ್ಟರು. ಸುಧಾ ಫೋನು ಮಾಡಿದಾಗ, “ಮಿನುಗಿದ್ರೆ ಒಳ್ಳೇದೇ ಅಲ್ವೇನಮ್ಮ?” ಎಂದು ನಕ್ಕರು.

“ಮಿನುಗೋದು ಚುಕ್ಕಿ, ಸಾರ್. ಮಿಣುಕೋದು ಎಣ್ಣೆ ಮುಗಿದ ದೀಪ. ಒಂದು ನೋಡೋಕೆ ಚೆಂದ, ಇನ್ನೊಂದ್ರಲ್ಲಿ ಏನೂ ಕಾಣಲ್ಲ. ಬಂದು ಕೂತ್ಕೊಳಿ, ಗೊತ್ತಾಗ್ತದೆ.”

ಬಾಯಿ ಮುಚ್ಚಿಸಲೆಂದೋ ಏನೋ, ಅವರು ಮರುದಿನ ಸಂಜೆ ಬೊಳ್ಳಪ್ಪನೊಂದಿಗೆ ಬಂದೇಬಿಟ್ಟರು. ಸುಧಾ ಕಾಫಿ ಕೊಟ್ಟಳು. ಲೋಟ ಇಳಿಸುತ್ತಲೇ ಕೈಗೆ ಸೂಜಿದಾರ ಕೊಟ್ಟಳು.

“ಪೋಣಿಸಿ, ಸಾರ್.”

ಅವರು ದಾರದ ತುದಿಯನ್ನು ನಾಲಿಗೆಗೆ ಒತ್ತಿ ಪ್ರಯತ್ನಿಸಿದರು. ಬಲ್ಬಿನ ಎಳೆ ಕೆಂಪಗೆ ನಡುಗುತ್ತಿತ್ತು. ದಾರ ಸೂಜಿಯ ಪಕ್ಕದಲ್ಲಿ ಹೋಯಿತು. ಮತ್ತೆಯೂ ಹಾಗೇ. ಅವರೆದ್ದು ಕಿಟಕಿಯ ಬಳಿ ಹೋದರು. ಸುಧಾ ಕಿಟಕಿಯ ಬಾಗಿಲು ಹಾಕಿದಳು.

“ಆ ಬೆಳಕು ನಿಮ್ಮ ಇಲಾಖೆದಲ್ಲ, ಸಾರ್.”

“ಬಿಡೇ ಸುಧಾ,” ಎಂದರು ಒಳಗಿನಿಂದ ಗುರುಸಿದ್ದಮ್ಮ. “ಸಾಹೇಬ್ರು ಬೆರಳಿಗೆ ಚುಚ್ಕೊಂಡಾರು.”

“ಚುಚ್ಕೊಳ್ಲಿ ಅತ್ತೆ. ನಾನು ದಿನಾ ಚುಚ್ಕೊತಿಲ್ವಾ?”

ರೇಣುಕಪ್ರಸಾದ್ ಸೂಜಿ ಕೆಳಗಿಟ್ಟು ಬಲ್ಬನ್ನೇ ದಿಟ್ಟಿಸಿದರು.

“ಬೊಳ್ಳಪ್ಪ, ಮಿಣುಕೋದು ಅಂದ್ರೆ ಇದೇನಾ?”

“ಇದೇ ಸಾ. ಬರ್ದಿದ್ನಲ್ಲ.”

ಅವರು ಮೊಂಡರಲ್ಲ. ಹೊಸ ಮನೆಗಳೆಲ್ಲ ಸೇರಿ ಹಳೆಯ ಟ್ರಾನ್ಸ್‌ಫಾರ್ಮರಿಗೆ ಹೊರೆ ಮೀರಿದೆ ಎಂದು ಅಲ್ಲಿಯೇ ಒಪ್ಪಿದರು. ಅದೇ ವಾರ ಲಾರಿಯಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರೊಂದು ಬಂತು. ಅದನ್ನು ಕೂರಿಸಿ ಬೊಳ್ಳಪ್ಪ ಸ್ವಿಚ್ ಎತ್ತಿದಾಗ ಕೇರಿಯ ಅಷ್ಟೂ ಮನೆಗಳ ದೀಪ ಬೆಳ್ಳಗೆ ಹತ್ತಿತು. ಜನ ಹೊರಗೆ ಬಂದು ನೋಡಿದರು. ಸುಧಾ ಬರಲಿಲ್ಲ, ಮೋಟಾರು ಓಡುತ್ತಿತ್ತು, ಅವಳು ಕಾಲರ್ ಹೊಲಿಯುತ್ತಿದ್ದಳು.

ಶಾಲೆ ತೆರೆಯುವ ಮೊದಲೇ ಕಟ್ಟುಗಳೆಲ್ಲ ತಲುಪಿದವು. ಮುಖ್ಯೋಪಾಧ್ಯಾಯಿನಿ ಒಂದು ಅಂಗಿಯನ್ನು ಒಳಮಗ್ಗುಲು ತಿರುವಿ ಹೊಲಿಗೆ ಎಳೆದು ನೋಡಿದರು. ಎಲ್ಲೂ ಬಿಡಲಿಲ್ಲ.

“ಮುಂದಿನ ವರ್ಷವೂ ನೀವೇ ಹೊಲೀಬೇಕು,” ಎಂದರು.

“ಹೊಲೀತೀನಿ ಮೇಡಂ,” ಎಂದಳು ಸುಧಾ. “ಆದ್ರೆ ಅಳತೆ ಮಾರ್ಚಲ್ಲೇ ಬೇಕು. ತಡ ಆದ್ರೆ ಕುಶಾಲನಗರಕ್ಕೆ ಹೋಗಿ.”